ಬ್ಯಾಂಕು, ಶೇರು ನಮ್ಮಂಥವರ ದುಡ್ಡನ್ನೂ ಬೆಳೆಸ್ತಾವಾ? ಅನುಭವ ಇದ್ದವರು ಹೇಳ್ರಿ

ಕಾರಟಗಿಯಿಂದ ಕೇಳಿದ್ದು: ಭತ್ತ ಮಾರಿ ಖರ್ಚೆಲ್ಲ ಕಳೆದು ಕೈಯಲ್ಲಿ ಒಂದೂವರೆ ಲಕ್ಷ ಉಳಿದಿದೆ. ದಲಾಲಿ ಅಂಗಡಿಯಲ್ಲಿ ಒಂದು ಲಕ್ಷ ಹಳೇ ಬಾಕಿ ಇದೆ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಬೆಂಗಳೂರಿನ ಭಾವ ಮ್ಯೂಚುವಲ್ ಫಂಡಿಗೆ ಹಾಕು ಅಂತಾರೆ. ಅಪ್ಪ, ‘ಅವೆಲ್ಲ ಇದ್ದವರಿಗೆ ಕಣಪ್ಪ, ನಮಗಲ್ಲ’ ಅಂತಾರೆ. ನಮ್ಮದು ಎರಡು ಎಕರೆ ಸ್ವಂತ, ಉಳಿದದ್ದು ಲೀಜು. ಏನು ಮಾಡಲಿ?

ಸಿಂಧನೂರು, ಲೀಜಿಗೆ ಭತ್ತ ಬೆಳೆಯುವವನು: ತಮ್ಮಾ, ನಿಮ್ಮ ಅಪ್ಪ ಸುಮ್ಮನೆ ಹೇಳಿಲ್ಲ. ಲೆಕ್ಕ ನೋಡು. ಎರಡು ರೂಪಾಯಿ ಬಡ್ಡಿ ಅಂದ್ರೆ ಲಕ್ಷಕ್ಕೆ ವರ್ಷಕ್ಕೆ 24,000. ಅದೇ ಲಕ್ಷವನ್ನು ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ ಬೆಳೆಸಾಲ ಅಂತ ತಗೊಂಡು ಹೇಳಿದ ದಿನಕ್ಕೆ ಕಟ್ಟಿದವನಿಗೆ ಶೇ. 4, ಅಂದ್ರೆ 4,000. ಕಾಲುವೆ ಒಂದೇ, ಬೆಳೆ ಒಂದೇ. ವ್ಯತ್ಯಾಸ ಇರೋದು ಪಹಣಿಯಲ್ಲಿ ಯಾರ ಹೆಸರಿದೆ ಅನ್ನೋದರಲ್ಲಿ.

ನಾನು ಮಾಡೋ ಹೊಲದ ಪಹಣಿ ಮಾಲೀಕರ ಹೆಸರಲ್ಲಿದೆ. ಬೆಳೆಸಾಲ ಅವರಿಗೆ, ಬೆಳೆ ಮುಳುಗಿದರೆ ಪರಿಹಾರವೂ ಅವರ ಖಾತೆಗೆ. ನನಗೆ ಗೊಬ್ಬರದ ಅಂಗಡಿ ಉದ್ರಿ, ದಲಾಲಿ ಅಂಗಡಿ ಮುಂಗಡ. ಮುಂಗಡ ತಗೊಂಡ ಮೇಲೆ ಚೀಲ ಅದೇ ಅಂಗಡಿಗೆ ಇಳಿಸಬೇಕು. ರೇಟು ಏರಲಿ ಅಂತ ಒಂದು ತಿಂಗಳು ಕಾಯೋ ಹಾಗಿಲ್ಲ. ಬಡ್ಡಿಗಿಂತ ನನಗೆ ಹೊಟ್ಟೆ ಉರಿಯೋದು ಇದಕ್ಕೆ. ಆದ್ದರಿಂದ ಮೊದಲು ಆ ಲಕ್ಷ ತೀರಿಸು. ವರ್ಷಕ್ಕೆ ಖಾತ್ರಿಯಾಗಿ ಶೇ. 24 ಕೊಡೋ ಫಂಡು ಯಾವುದೂ ಇಲ್ಲ. ತೀರಿಸಿದ ದಿನವೇ ಸಾಲದ ಚೀಟಿ ಹರಿಸಿಕೊಂಡು ಬಾ.

ರಾಯಚೂರು, ಗ್ರಾಮೀಣ ಬ್ಯಾಂಕಿನ ನಿವೃತ್ತ ನೌಕರ: ಮೇಲಿನವರು ಬರೆದದ್ದನ್ನು ಕೌಂಟರಿನ ಈಚೆಯಿಂದ ನಾನೂ ನೋಡಿದ್ದೇನೆ. ಬ್ಯಾಂಕು ತಾನಾಗಿ ಬಡವರ ಮನೆ ಹುಡುಕಿಕೊಂಡು ಹೋದದ್ದಲ್ಲ, ನಿಯಮ ಕಳಿಸಿತು. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣ ಆಯಿತು, 1976ರಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಹುಟ್ಟಿತು. ಆಮೇಲೆ ನಮ್ಮ ಹಳ್ಳಿಗಳು ಶಾಖೆ ಕಂಡವು. ಇವತ್ತಿಗೂ ವಾಣಿಜ್ಯ ಬ್ಯಾಂಕುಗಳು ತಮ್ಮ ಸಾಲದಲ್ಲಿ ಶೇ. 18 ಕೃಷಿಗೆ ಕೊಡುವುದು ರಿಸರ್ವ್ ಬ್ಯಾಂಕ್ ಗುರಿ ಇಟ್ಟಿದ್ದರಿಂದ. ನ್ಯಾಯ ಬೇಕಿದ್ದರೆ ನಿಯಮ ತಿಳಿದು ಕೇಳಲೇಬೇಕು.

ಸ್ವಂತ ಎರಡು ಎಕರೆಗೆ ಕಿಸಾನ್ ಕಾರ್ಡು ಮಾಡಿಸಿ. 2025ರ ಜನವರಿಯಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಆಸ್ತಿ ಅಡವು ಬೇಕಿಲ್ಲ. ಲೀಜಿನ ಹೊಲಕ್ಕೆ ಜಂಟಿ ಬಾಧ್ಯತಾ ಗುಂಪು ಅಂತ ಇದೆ: ನಾಲ್ಕರಿಂದ ಹತ್ತು ಜನ ಸೇರಿ ಒಬ್ಬರಿಗೊಬ್ಬರು ಹೊಣೆ ನಿಲ್ಲಬೇಕು. ಮ್ಯಾನೇಜರ್ ಆಗಲ್ಲ ಅಂದರೆ ಅರ್ಜಿ ಕೊಟ್ಟು, ಕಾರಣವನ್ನು ಬರಹದಲ್ಲಿ ಕೇಳಿ. ಠೇವಣಿ ಇಡುವುದಾದರೆ, ಒಂದು ಬ್ಯಾಂಕಿನಲ್ಲಿ ಒಬ್ಬರ ಹೆಸರಿಗೆ ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಂಘಗಳಿಗೆ ಈ ವಿಮೆ ಇಲ್ಲ.

ಬಳ್ಳಾರಿ, ಮನೆಯಲ್ಲೇ ಜೀನ್ಸ್ ಹೊಲಿಯುವವಳು: ಅಣ್ಣ, ‘ಮನೆ ಬಾಗಿಲಿಗೇ ಬಂದು ಸಾಲ ಕೊಡ್ತೀವಿ’ ಅನ್ನೋರ ಹತ್ರ ಹುಷಾರು. ನಮ್ಮ ಓಣಿಯಲ್ಲಿ ಒಂದು ಕಂಪನಿಯ ಕಂತು ಕಟ್ಟಲು ಇನ್ನೊಂದರಿಂದ ತಂದವರಿದ್ದಾರೆ. ಎಲ್ಲಾ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು ಅಂತ 2022ರಿಂದ ನಿಯಮ ಇದೆ. 2025ರ ಫೆಬ್ರವರಿಯಲ್ಲಿ ರಾಜ್ಯದ ಸುಗ್ರೀವಾಜ್ಞೆಯೂ ಬಂತು, ವಸೂಲಿಗೆ ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು. ನನಗೆ ಕೈ ಹಿಡಿದದ್ದು ಸ್ತ್ರೀಶಕ್ತಿ ಸಂಘ. ಹೊಲಿಗೆ ಮಷೀನು ಅದರ ಸಾಲದಲ್ಲೇ ತಂದದ್ದು.

ಕೊಪ್ಪಳ, ಶಾಲಾ ಶಿಕ್ಷಕ: ನಾನು ಫಂಡಿಗೆ ತಿಂಗಳು ತಿಂಗಳು ಹಾಕುತ್ತೇನೆ, ದುಡ್ಡು ಬೆಳೆದಿದೆ. ಆದರೆ ಬೆಳೆದದ್ದು ಹೇಗೆ ಅಂತಲೂ ಹೇಳಬೇಕು. 2020ರ ಜನವರಿಯಲ್ಲಿ 42,000 ಮುಟ್ಟಿದ್ದ ಮುಂಬೈ ಶೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಮಾರ್ಚಿನಲ್ಲಿ 26,000ಕ್ಕೆ ಬಿತ್ತು. ನನಗೆ ಒಂದನೇ ತಾರೀಖಿಗೆ ಸಂಬಳ ಬರುತ್ತಿತ್ತು, ಫಂಡು ಮುಟ್ಟಲಿಲ್ಲ, ಮುಂದೆ ಏರಿತು. ಅದೇ ದುಡ್ಡು ನಾಟಿಗೆ ಬೇಕಾಗಿದ್ದ ರೈತ ನಷ್ಟಕ್ಕೇ ಮಾರಬೇಕಾಗಿತ್ತು. ಮಾರುಕಟ್ಟೆ ಎಲ್ಲರಿಗೂ ಒಂದೇ ರೇಟು ಕೊಡುತ್ತದೆ, ಕಾಯುವ ಶಕ್ತಿ ಕೊಡುವುದಿಲ್ಲ. ಬಾಕಿ ತೀರಿಸಿ ಉಳಿಯುವ ಐವತ್ತು ಸಾವಿರ ಮುಂದಿನ ಬಿತ್ತನೆಗೆ ಬೇಕೇ ಬೇಕು, ಅದನ್ನು ಬ್ಯಾಂಕಿನಲ್ಲೇ ಇಡಿ. ಐದಾರು ವರ್ಷ ಮುಟ್ಟದ ದುಡ್ಡು ಕೈಗೂಡಿದಾಗ, ಐನೂರೇ ಆಗಲಿ, ಸೆನ್ಸೆಕ್ಸಿನಂಥ ಸೂಚ್ಯಂಕದ ಶೇರುಗಳನ್ನೇ ಕೊಳ್ಳುವ ಸೂಚ್ಯಂಕ ಫಂಡಿಗೆ ಹಾಕಿ. ನಿಮ್ಮ ಭಾವನ ಮಾತು ಆಗ ಸರಿಹೋಗುತ್ತದೆ.

ಕಾರಟಗಿ: ಎಲ್ಲರಿಗೂ ಶರಣು. ಅಪ್ಪಗೆ ಓದಿ ಹೇಳಿದೆ. ಸೋಮವಾರ ದಲಾಲಿ ಅಂಗಡಿ ಲೆಕ್ಕ ಮುಗಿಸಿ, ಪಹಣಿ ತಗೊಂಡು ಬ್ಯಾಂಕಿಗೆ ಹೋಗ್ತೀವಿ. ಜಂಟಿ ಗುಂಪಿಗೆ ನಮ್ಮ ಕಡೆ ಮೂವರಾಗಿದ್ದೇವೆ, ಇನ್ನೊಬ್ಬರು ಬೇಕು. ಲೀಜಿಗೆ ಮಾಡೋರು ಸುತ್ತಮುತ್ತ ಇದ್ದರೆ ತಿಳಿಸ್ರಿ.