ಅಪ್‌ಡೇಟ್: ಸರ್ವಿಸ್ ಆದ ಮೇಲೆ ಬ್ರೇಕ್ ಫೇಲ್, ಕಾರಣ ಸಿಕ್ಕಿತು

ಸರ್ವಿಸ್‌ನಿಂದ ಬಂದ ಕಾರಿನ ಬ್ರೇಕ್ ಪೆಡಲ್ ಇಳಿಜಾರಿನಲ್ಲಿ ಏಕಾಏಕಿ ತಳ ಮುಟ್ಟಿತು ಅಂತ ಕೇಳಿದ್ದೆನಲ್ಲ, ಕಾರಣ ಗೊತ್ತಾಯಿತು. ಓಡಿಸದೆ ಟೋ ಮಾಡಿಸಿ ಬೇರೆ ಮೆಕ್ಯಾನಿಕ್‌ಗೆ ತೋರಿಸಿದೆ. ಮುಂದಿನ ಎಡ ಚಕ್ರ ಬಿಚ್ಚಿದರೆ ಒಳಗೆಲ್ಲ ಬ್ರೇಕ್ ಆಯಿಲ್ ಪಸೆ. ಕ್ಯಾಲಿಪರ್‌ನ (ಚಕ್ರದ ಡಿಸ್ಕನ್ನು ಬ್ರೇಕ್ ಪ್ಯಾಡ್‌ಗಳಿಂದ ಅದುಮಿ ಹಿಡಿಯುವ ಭಾಗ) ಬ್ಲೀಡರ್ ಸ್ಕ್ರೂ, ಅಂದರೆ ಆಯಿಲ್‌ನಲ್ಲಿನ ಗಾಳಿ ಹೊರಬಿಡಲು ಸಡಿಲಿಸುವ ಸ್ಕ್ರೂ, ಬೆರಳಲ್ಲೇ ತಿರುಗುತ್ತಿತ್ತು! ಸರ್ವಿಸ್‌ನವರು ಆಯಿಲ್ ಬದಲಿಸಿ, ಗಾಳಿ ತೆಗೆದು, ಅದನ್ನು ಬಿಗಿ ಮಾಡದೆ ಬಿಟ್ಟಿದ್ದಾರೆ. ಆಯಿಲ್ ಸೋರಿ ಬ್ರೇಕ್ ಪೈಪಿನೊಳಗೆ ಗಾಳಿ ಸೇರಿದೆ. ಆಯಿಲ್‌ನಂತಲ್ಲದೆ ಗಾಳಿ ಒತ್ತಿದರೆ ಕುಗ್ಗುತ್ತದೆ, ಹಾಗಾಗಿ ಪೆಡಲ್ ತುಳಿದರೂ ಒತ್ತಡ ಚಕ್ರಕ್ಕೆ ತಲುಪಲಿಲ್ಲ. ಹ್ಯಾಂಡ್‌ಬ್ರೇಕ್ ಪ್ರತ್ಯೇಕ ಕೇಬಲ್‌ನಲ್ಲಿ ಕೆಲಸ ಮಾಡುವುದರಿಂದ ಬಚಾವಾದೆ.

ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲ್‌ಗೆ ಒತ್ತಡ ಕೊಡುವ ಭಾಗ) ಹೋಗಿರಬಹುದು ಅಂದವರಿಗೆ: ಅದನ್ನೂ ಪರೀಕ್ಷಿಸಿದರು, ಸರಿಯಾಗಿದೆ. ಸ್ಪ್ಯಾನರ್ ಒಂದು ಸುತ್ತು ತಿರುಗಿಸದೆ ಬಿಟ್ಟಿದ್ದಕ್ಕೆ ಜೀವವೇ ಹೋಗುತ್ತಿತ್ತು, ಸಿಟ್ಟು ಇನ್ನೂ ಇಳಿದಿಲ್ಲ. ಫೋಟೋ ಸಮೇತ ಲಿಖಿತ ದೂರು ಕೊಟ್ಟಿದ್ದೇನೆ.