ಬರ್ನೋ ಪಬ್ಬಿನ ಬ್ಲೂಗ್ರಾಸ್ ಕೂಟದಲ್ಲಿ ಪಿಟೀಲು: ನಾನು ತಪ್ಪಿದ್ದೆಲ್ಲಿ?

ಪ್ರಶ್ನೆ (ಬರ್ನೋದಿಂದ)

ಮೈಸೂರಿನಲ್ಲಿ ಹನ್ನೊಂದು ವರ್ಷ ಕರ್ನಾಟಕ ಸಂಗೀತದ ಪಿಟೀಲು ಕಲಿತ ನಾನು ಈಗ ಉದ್ಯೋಗದ ನಿಮಿತ್ತ ಚೆಕ್ ದೇಶದಲ್ಲಿದ್ದೇನೆ. ಇಲ್ಲಿನ ಪಬ್ಬೊಂದರಲ್ಲಿ ವಾರಕ್ಕೊಮ್ಮೆ ಸೇರುವ ಬ್ಲೂಗ್ರಾಸ್ (ತಂತಿವಾದ್ಯಗಳ ಮೇಳದಲ್ಲಿ ಹಾಡುವ ಅಮೆರಿಕದ ಸಂಗೀತ) ವಾದಕರ ಕೂಟಕ್ಕೆ ಮೂರು ಸಲ ಹೋಗಿದ್ದೇನೆ. ಬ್ಯಾಂಜೊ, ಮ್ಯಾಂಡೊಲಿನ್, ಗಿಟಾರ್, ಆಳೆತ್ತರದ ಬಾಸ್ ಎಲ್ಲವೂ ಇರುತ್ತವೆ. ಯಾವುದಕ್ಕೂ ಮೈಕಿಲ್ಲ, ಯಾರ ಮುಂದೆಯೂ ಪುಸ್ತಕವಿಲ್ಲ. ಕಳೆದ ವಾರ ಗಿಟಾರ್ ನುಡಿಸುತ್ತ ಹಾಡುತ್ತಿದ್ದವರು ಚರಣ ಮುಗಿಸಿ ನನ್ನತ್ತ ತಲೆಯಾಡಿಸಿದರು. ನುಡಿಸಲು ಹೇಳುತ್ತಿದ್ದಾರೆಂದು ನನಗೆ ಹೊಳೆಯುವಷ್ಟರಲ್ಲಿ ಹಾಡಿನ ಧಾಟಿಯ ಅರ್ಧ ಸುತ್ತು ಕಳೆದಿತ್ತು. ಆ ನಷ್ಟ ತುಂಬಿಕೊಳ್ಳುವ ಹುರುಪಿನಲ್ಲಿ ನಾನು ಮುಂದಿನ ಸುತ್ತನ್ನೂ ನುಡಿಸಿಬಿಟ್ಟೆ. ಹಾಡಲು ಬಾಯಿ ತೆರೆದವರು ಹಾಗೆಯೇ ಮುಚ್ಚಿಕೊಂಡರು. ಯಾರೂ ಏನೂ ಅನ್ನಲಿಲ್ಲ, ಆದರೆ ಆ ರಾತ್ರಿ ಮತ್ತೆ ಯಾರೂ ನನ್ನತ್ತ ತಲೆಯಾಡಿಸಲೂ ಇಲ್ಲ. ಕೂಟದ ನಡಾವಳಿ ಬಲ್ಲವರು ದಯವಿಟ್ಟು ತಿಳಿಸಿ. ಅಮೆರಿಕದ ಈ ಸಂಗೀತ ಇಲ್ಲಿ ಇಷ್ಟು ಆಳಕ್ಕೆ ಬೇರು ಬಿಟ್ಟದ್ದು ಹೇಗೆಂಬ ಕುತೂಹಲವೂ ಇದೆ.

ಉತ್ತರ 1 (ಮ್ಯೂನಿಕ್‌ನಿಂದ, ಮ್ಯಾಂಡೊಲಿನ್ ವಾದಕ)

ಒಬ್ಬರ ಸರದಿಯೆಂದರೆ ಒಂದೇ ಸುತ್ತು. ಮನೋಧರ್ಮವನ್ನು, ಅಂದರೆ ಆ ಕ್ಷಣಕ್ಕೆ ಹೊಳೆದ ಕಲ್ಪನೆಯನ್ನು, ಬೆಳೆಸಿಕೊಂಡು ಹೋಗುವ ನಮ್ಮ ಅಭ್ಯಾಸ ಅಲ್ಲಿ ಕೈಕೊಡುತ್ತದೆ. ಹಾಡಿನ ಧಾಟಿ ಗುರುತು ಸಿಗುವಂತೆ ನುಡಿಸಿ, ಸುತ್ತು ಮುಗಿಯುವ ಮೊದಲೇ ಹಾಡುಗಾರರತ್ತ ನೋಡಿ ಬಿಟ್ಟುಕೊಡಬೇಕು. ಹಾಡು ಆರಂಭಿಸಿದವರು ಒಂದು ಕಾಲನ್ನು ಮುಂದಕ್ಕೆ ಎತ್ತಿದರೆ ಅದೇ ಕೊನೆಯ ಸುತ್ತು. ಆದ್ದರಿಂದ ಕಣ್ಣು ಮುಚ್ಚಿ ನುಡಿಸಬೇಡಿ.

ಇನ್ನೊಂದು ತೊಡಕು ಶ್ರುತಿಯದು. ಹಾಡುಗಾರರು ತಮ್ಮ ಕಂಠಕ್ಕೆ ಹೊಂದುವಂತೆ ಹಾಡಿನಿಂದ ಹಾಡಿಗೆ ಷಡ್ಜವನ್ನು ಬದಲಿಸುತ್ತಾರೆ. ಗಿಟಾರಿನವರು ಕ್ಯಾಪೊ (ತಂತಿಗಳನ್ನೆಲ್ಲ ಅದುಮಿ ಶ್ರುತಿ ಏರಿಸುವ ಹಿಡಿಕೆ) ಸಿಕ್ಕಿಸಿ ಪಾರಾಗುತ್ತಾರೆ, ನಮಗೆ ಆ ಸೌಲಭ್ಯವಿಲ್ಲ. ಸ-ಪ-ಸ-ಪ ಕ್ರಮವನ್ನು ಬಿಟ್ಟು ತಂತಿಗಳನ್ನು ಜಿ, ಡಿ, ಎ, ಇ ಸ್ವರಗಳಿಗೆ ಕಟ್ಟಿ, ಮೊದಲು ಜಿ, ಎ, ಡಿ ಶ್ರುತಿಗಳಲ್ಲಿ ಬೆರಳು ಪಳಗಿಸಿಕೊಳ್ಳಿ.

ಉಳಿದ ಹೊತ್ತಿನಲ್ಲಿ ಮಾಡುವ ಕೆಲಸವೇ ಹೆಚ್ಚು ಮುಖ್ಯ. ಡೋಲು, ಡ್ರಮ್ ಇಲ್ಲದ ಈ ಮೇಳದಲ್ಲಿ ಬಾಸ್ ಗಟ್ಟಿ ಪೆಟ್ಟನ್ನು ಹಿಡಿದರೆ, ಮ್ಯಾಂಡೊಲಿನ್ ಅದರ ಎದುರು ಪೆಟ್ಟಿನಲ್ಲಿ ತಂತಿಗಳನ್ನು ಮೀಟಿ ತಕ್ಷಣ ಅದುಮಿ, ಕೊಡಲಿಯೇಟಿನಂತಹ ಮೊಟಕು ಸದ್ದು ಕೊಡುತ್ತದೆ. ಅದಕ್ಕೆ ಚಾಪ್ ಎಂದೇ ಹೆಸರು. ಮ್ಯಾಂಡೊಲಿನ್‌ನವರ ಸರದಿ ಬಂದಾಗ ಕಮಾನಿನ ಹಿಡಿಯ ಬದಿಯಿಂದ ತಂತಿಯನ್ನು ಕುಕ್ಕಿ ನೀವು ಆ ಪೆಟ್ಟನ್ನು ವಹಿಸಿಕೊಂಡರೆ, ಮುಂದಿನ ವಾರ ನಿಮಗೆ ಖಂಡಿತ ಜಾಗವಿರುತ್ತದೆ. ಹಾಡಿನ ಸಾಲು ನಡೆಯುವಾಗ ಮಾತ್ರ ಅದನ್ನು ನೆರಳಿನಂತೆ ಹಿಂಬಾಲಿಸಬೇಡಿ. ನಮ್ಮ ಕಚೇರಿಗಳಲ್ಲಿ ಪಕ್ಕವಾದ್ಯಕ್ಕೆ ಭೂಷಣವಾದ ಅದೇ ಗುಣ ಅಲ್ಲಿ ಕಿರಿಕಿರಿ ಎನಿಸುತ್ತದೆ. ಎರಡು ಸಾಲುಗಳ ನಡುವಿನ ತೆರಪು ಮಾತ್ರ ನಿಮ್ಮದು.

ಉತ್ತರ 2 (ಪ್ರಾಗ್‌ನಿಂದ)

ಬೇರಿನ ವಿಷಯ ಹೇಳುತ್ತೇನೆ. ಎರಡು ಮಹಾಯುದ್ಧಗಳ ನಡುವಿನ ಕಾಲದಿಂದಲೇ ಇಲ್ಲಿನ ನಗರದ ಯುವಕರು ವಾರದ ಕೊನೆಗೆ ಕಾಡಿಗೆ ಹೋಗಿ, ಬೆಂಕಿಯ ಸುತ್ತ ಕುಳಿತು ಗಿಟಾರ್ ಹಿಡಿದು ಹಾಡುವ ಟ್ರ್ಯಾಂಪಿಂಗ್ ರೂಢಿ ಬೆಳೆಸಿದ್ದರು. ಅಮೆರಿಕದ ಪಶ್ಚಿಮ ಸೀಮೆ ಅವರ ಕನಸಿನ ನಾಡಾಗಿತ್ತು. 1964ರಲ್ಲಿ ಅಮೆರಿಕದ ಜನಪದ ಗಾಯಕ ಪೀಟ್ ಸೀಗರ್ ಪ್ರಾಗ್‌ಗೆ ಬಂದು ಐದು ತಂತಿಯ ಬ್ಯಾಂಜೊ ನುಡಿಸಿದರು. ಅಂಗಡಿಯಲ್ಲಿ ಅಂಥ ವಾದ್ಯ ಸಿಗದಿದ್ದ ಆ ದಿನಗಳಲ್ಲಿ ಇಲ್ಲಿನ ವಾದಕ ಮಾರ್ಕೊ ಚೆರ್ಮಾಕ್ ಛಾಯಾಚಿತ್ರಗಳನ್ನು ನೋಡಿಯೇ ಒಂದು ಬ್ಯಾಂಜೊ ತಯಾರಿಸಿದರು! ಮುಂದೆ ಅವರು ನುಡಿಸಿದ ಗ್ರೀನ್‌ಹಾರ್ನ್ಸ್ ತಂಡ ಅಮೆರಿಕದ ಹಾಡುಗಳನ್ನು ಚೆಕ್ ಭಾಷೆಯಲ್ಲಿ ಹಾಡಿ ಮನೆಮಾತಾಯಿತು. 1970ರ ದಶಕದಲ್ಲಿ ಇಂಗ್ಲಿಷ್ ಹೆಸರು ಸರ್ಕಾರದ ಕಣ್ಣು ಕುಕ್ಕಿದ್ದರಿಂದ ತಂಡ ಜೆಲೆನಾಚಿ ಎಂಬ ಚೆಕ್ ಹೆಸರಿಟ್ಟುಕೊಂಡಿತು. ನೀವು ಪಬ್ಬಿನಲ್ಲಿ ಕೇಳುವ ಎಷ್ಟೋ ಹಾಡುಗಳು ಮೂಲತಃ ಚೆಕ್ ಹಾಡುಗಳೇ ಎಂದು ನಂಬಿರುವವರು ಇಲ್ಲಿದ್ದಾರೆ.

ಕೊಪಿಡ್ಲ್ನೊ ಊರಿನಲ್ಲಿ ಆರಂಭವಾಗಿ ಈಗ ಚಾಸ್ಲಾವ್‌ನಲ್ಲಿ ನಡೆಯುವ ಬ್ಯಾಂಜೊ ಜಾಂಬೊರಿ ಉತ್ಸವಕ್ಕೆ ಒಮ್ಮೆ ಹೋಗಿಬನ್ನಿ. ನನ್ನ ಮಟ್ಟಿಗೆ ವೇದಿಕೆಗಿಂತ ಡೇರೆಗಳ ನಡುವೆ ತಡರಾತ್ರಿ ನಡೆಯುವ ಕೂಟಗಳೇ ಕೇಳಲು ಚೆನ್ನ.

ಪ್ರಶ್ನಿಸಿದವರ ಮರುನುಡಿ

ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ತಂತಿ ಬದಲಿಸಿ ಕಟ್ಟಿ ಚಾಪ್ ಅಭ್ಯಾಸಕ್ಕೆ ಕುಳಿತೆ. ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತುದಿಯನ್ನು ಪಾದದ ಮೇಲಿಟ್ಟು ನುಡಿಸಿದವನಿಗೆ ನಿಂತು ನುಡಿಸುವಾಗ ಪ್ರತಿ ಕುಕ್ಕಿಗೂ ವಾದ್ಯ ಎದೆಯಿಂದ ಜಾರುತ್ತಿದೆ. ಪಬ್ಬಿನಲ್ಲಿ ಕುರ್ಚಿ ಕೇಳಿದರೆ ತಪ್ಪಾದೀತೇ?

ಉತ್ತರ 1ರವರು

ಖಂಡಿತ ಇಲ್ಲ, ಧಾರಾಳವಾಗಿ ಕೇಳಿ. ಆದರೆ ಹಾಡುಗಾರರ ಮುಖ, ಕಾಲು ಎರಡೂ ಕಾಣುವ ಜಾಗದಲ್ಲಿ ಹಾಕಿಸಿಕೊಳ್ಳಿ.