ಮಲೆನಾಡಿನ ಅಡುಗೆಮನೆಗೆ ಜಪಾನಿನ ದೇಬಾ ಕತ್ತಿ ಹೊಂದುತ್ತದೆಯೇ?

ತುಂಗಾತೀರ, ತೀರ್ಥಹಳ್ಳಿ:
ಬಲ್ಲವರಲ್ಲಿ ಒಂದು ವಿಚಾರಣೆ. ಒಸಾಕಾದಲ್ಲಿ ನೌಕರಿಯಲ್ಲಿರುವ ನನ್ನ ತಮ್ಮ ದೀಪಾವಳಿಗೆ ಊರಿಗೆ ಬರುವಾಗ, ಅಲ್ಲಿಗೆ ಹತ್ತಿರದ ಸಕಾಯಿ ಎಂಬ ಊರಿನಲ್ಲಿ ತಯಾರಾಗುವ ‘ದೇಬಾ’ ಎಂಬ ಮೀನುಕತ್ತಿಯನ್ನು ತರುವುದಾಗಿ ಹೇಳುತ್ತಿದ್ದಾನೆ. ನಮ್ಮ ಮನೆಯಲ್ಲಿ ಮೀನು ಹಸನು ಮಾಡುವವರು ಅಮ್ಮ. ಇಷ್ಟು ವರ್ಷ ಮೆಟ್ಟುಗತ್ತಿಯಲ್ಲೇ ಎಲ್ಲ ಕೆಲಸ ನಡೆಯಿತು. ಈಗ ಮೊಣಕಾಲು ನೋವಿನಿಂದ ನೆಲದ ಮೇಲೆ ಕೂರಲು ಆಗುತ್ತಿಲ್ಲವಾದ್ದರಿಂದ, ಕಟ್ಟೆಯ ಮುಂದೆ ನಿಂತು ಕೊಯ್ಯಲು ಬರುವ ಕತ್ತಿ ಬೇಕಾಗಿದೆ. ನಾವು ಹೆಚ್ಚಾಗಿ ತರುವುದು ಬಂಗುಡೆ; ಮಳೆಗಾಲದಲ್ಲಿ ಕಾಟ್ಲಾ, ರೋಹು. ಯಾವ ಅಳತೆಯದನ್ನು ತರಿಸಬೇಕು? ನಮ್ಮ ಮಳೆಗೆ ಅದು ತುಕ್ಕು ಹಿಡಿಯದೆ ಉಳಿದೀತೇ?

ಹೊಳೆಮೀನು, ಶಿವಮೊಗ್ಗ:
ಹೋಟೆಲಿನ ಅಡುಗೆಮನೆಯಲ್ಲಿ ಈ ಕತ್ತಿಯನ್ನು ಬಳಸಿರುವುದರಿಂದ ಹೇಳುತ್ತಿದ್ದೇನೆ. ದೇಬಾ ನೋಡಲು ಕಿರುಮಚ್ಚಿನಂತೆ ಭಾರವಾಗಿರುತ್ತದೆ. ಬೆನ್ನಿನ ದಪ್ಪವೇ ಬುಡದಲ್ಲಿ 5ರಿಂದ 8 ಮಿಲಿಮೀಟರ್ ಇರುವುದುಂಟು. ಆದರೆ ಅದು ಮಚ್ಚಲ್ಲ. ಅದರ ಬಾಯಿಗೆ ಒಂದೇ ಕಡೆಯಿಂದ ಇಳಿಜಾರು ಕೊಟ್ಟಿರುತ್ತಾರೆ. ಇನ್ನೊಂದು ಮೈ ಚಪ್ಪಟೆ, ನಡುವೆ ತುಸು ತಗ್ಗು. ಬಾಲದ ಕಡೆಯಿಂದಲೋ ತಲೆಯ ಕಡೆಯಿಂದಲೋ ಬೆನ್ನುಮೂಳೆಯ ಗುಂಟ ಎಳೆದಾಗ ಇಳಿಜಾರಾದ ಮೈ ಮುಳ್ಳಿನ ಮೇಲೆ ಜಾರಿಕೊಂಡು ಹೋಗುತ್ತದೆ, ಚಪ್ಪಟೆ ಮೈ ಮಾಂಸವನ್ನು ನುಣ್ಣಗೆ ಬಿಡಿಸುತ್ತದೆ. ಹೀಗೆ ಒಂದು ಮೀನನ್ನು ಎರಡು ಹೋಳು ಮಾಂಸ, ನಡುವಿನ ಮುಳ್ಳು ಎಂದು ಮೂರು ಭಾಗ ಮಾಡುವುದು ಜಪಾನಿನವರ ಕ್ರಮ.

ನಮ್ಮ ಸಾರಿಗೆ ಬೇಕಾಗುವುದು ಮುಳ್ಳು ಸಹಿತವಾದ ಅಡ್ಡ ತುಂಡು. ಬಂಗುಡೆಯಂಥ ಮೀನನ್ನು ದೇಬಾ ನಿರಾಯಾಸವಾಗಿ ತುಂಡರಿಸುತ್ತದೆ. ತಲೆ ತೆಗೆಯಲು ಕಿವಿರಿನ ಹಿಂದೆ ಎರಡೂ ಕಡೆಯಿಂದ ಓರೆಯಾಗಿ ಕೊಯ್ದು, ಮೂಳೆಯ ಗಂಟನ್ನು ಹುಡುಕಿ, ಹಿಡಿಯ ಬಳಿಯ ಅಲಗನ್ನು ಅಲ್ಲಿಟ್ಟು ಬೆನ್ನನ್ನು ಅಂಗೈಯಿಂದ ಒತ್ತಿದರೆ ಸಾಕು. ಆದರೆ ನಾಲ್ಕೈದು ಕಿಲೋ ತೂಗುವ ಕಾಟ್ಲಾದ ನಡುಮೂಳೆಯ ಮೇಲೆ ಎತ್ತಿ ಕುಕ್ಕಿದರೆ ಬಾಯಿ ಹಕ್ಕಳೆ ಏಳುವುದು ಖಂಡಿತ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿದ್ದು ನಮಗೆ ಹೊಳೆ, ಜಲಾಶಯಗಳ ಮೀನೇ ಗತಿಯಾಗುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಯಿತು. ದೊಡ್ಡ ಮೀನನ್ನು ಅಂಗಡಿಯಲ್ಲೇ ತುಂಡು ಮಾಡಿಸಿ ತನ್ನಿ. ಬಂಗುಡೆಗೆ 120 ಮಿಲಿಮೀಟರ್ ಉದ್ದದ ಅಲಗಿರುವ ಕಿರಿಯ ದೇಬಾ ಸಾಕು. 180ರದ್ದು ವಯಸ್ಸಾದವರ ಕೈಗೆ ಭಾರ.

ಕುಲುಮೆಮನೆ, ಹೊಸನಗರ:
ತುಕ್ಕಿನ ವಿಷಯ. ಸಾಂಪ್ರದಾಯಿಕ ದೇಬಾದಲ್ಲಿ ಮೆತ್ತನೆಯ ಕಬ್ಬಿಣಕ್ಕೆ ಗಡುಸಾದ ಇಂಗಾಲದ ಉಕ್ಕನ್ನು ಕಾಯಿಸಿ ಬೆಸೆದಿರುತ್ತಾರೆ. ಈ ಉಕ್ಕು ಸ್ಟೇನ್‌ಲೆಸ್ ಅಲ್ಲ. ನಮ್ಮಲ್ಲಿ ಆಷಾಢದ ಜಡಿಮಳೆಗೆ ಗೋಡೆಗೆ ಸಿಕ್ಕಿಸಿದ ಕುಡುಗೋಲೇ ಕೆಂಪಾಗುವಾಗ, ಹುಣಸೆಹುಳಿಯೋ ಉಪ್ಪೋ ತಾಗಿದ ಈ ಕತ್ತಿಯನ್ನು ತೊಳೆಯದೆ ಬಿಟ್ಟರೆ ಊಟ ಮುಗಿಯುವುದರೊಳಗೆ ಕಲೆ ಮೂಡಿರುತ್ತದೆ. ಕೊಯ್ದ ಕೂಡಲೇ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಎಣ್ಣೆ ಸವರಿಡಬೇಕು. ಅಲ್ಲಿಯವರು ಕ್ಯಾಮೆಲಿಯಾ ಬೀಜದ ಎಣ್ಣೆ ಸವರುತ್ತಾರೆ. ನಾನಂತೂ ಮಿಷನ್ ಎಣ್ಣೆಯನ್ನು ಅಡುಗೆಮನೆಯೊಳಗೆ ಬಿಡುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ, ವಾಸನೆ ಬಂದಾಗ ಒರೆಸಿ ಹೊಸದಾಗಿ ಹಚ್ಚಿದರಾಯಿತು. ಮರದ ಹಿಡಿಯನ್ನು ನೀರಿನಲ್ಲಿ ನೆನೆಯಲು ಬಿಡಬೇಡಿ.

ಇನ್ನೊಂದು ಎಚ್ಚರಿಕೆ. ಸೈಕಲ್ಲಿನ ಚಕ್ರದಲ್ಲಿ ಸಾಣೆ ಹಿಡಿಯುವವರ ಕೈಗೆ ಇದನ್ನು ಕೊಡಬಾರದು. ಒಣಕಲ್ಲಿನ ಶಾಖಕ್ಕೆ ಅಂಚು ನೀಲಿಗಟ್ಟಿತೆಂದರೆ ಹದ ಹೋಯಿತೆಂದೇ ಅರ್ಥ. ಅಲ್ಲದೆ ರೂಢಿಯಂತೆ ಅವರು ಎರಡೂ ಕಡೆ ತೀಡಿ ಚಪ್ಪಟೆ ಮೈಯನ್ನು ಕೆಡಿಸುತ್ತಾರೆ. ನಮ್ಮ ಕುಲುಮೆಗಳಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡುವ ಕತ್ತಿ ಆ ಏಟನ್ನು ತಾಳುತ್ತದೆ, ಇದು ತಾಳದು. ನೀರು ಹಾಕಿ ತೀಡುವ ಸಾಣೆಕಲ್ಲೊಂದನ್ನೂ (ನಯದ ಸಂಖ್ಯೆ 1000 ಇರುವುದು) ತಮ್ಮನಿಂದಲೇ ತರಿಸಿ. ಇಳಿಜಾರಿನ ಮೈಯನ್ನು ಕಲ್ಲಿಗೆ ಪೂರ್ತಿ ಒರಗಿಸಿ, ಅಂಚಿನ ಉದ್ದಕ್ಕೂ ಹಿಂಬದಿಯಲ್ಲಿ ಬೆರಳಿಗೆ ಸಣ್ಣ ತರಿ ಸಿಗುವವರೆಗೆ ತೀಡಿ, ಆಮೇಲೆ ಚಪ್ಪಟೆ ಮೈಯನ್ನು ಕಲ್ಲಿನ ಮೇಲೆ ಮಲಗಿಸಿ ಮೆಲ್ಲಗೆ ಎಳೆದು ಆ ತರಿಯನ್ನು ತೆಗೆಯಬೇಕು.

ಹಿನ್ನೀರು, ಸಾಗರ:
ಇಷ್ಟೆಲ್ಲ ಉಪಚಾರ ಬೇಡುವ ಕತ್ತಿ ಮನೆಬಳಕೆಗೆ ಏಕೆ ಎಂಬುದು ನನ್ನ ಸಂದೇಹ. ಮೆಟ್ಟುಗತ್ತಿಯಲ್ಲಿ ಅಲಗು ನಿಂತಿರುತ್ತದೆ, ಮೀನನ್ನು ಹಿಡಿಯಲು ಎರಡೂ ಕೈ ಬಿಡುವಾಗಿರುತ್ತವೆ. ಜಾರುವ ಮೀನಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ತಿಳಿಯದು. ಕೂರಲಾಗದಿದ್ದರೆ ಅದೇ ಅಲಗನ್ನು ಬಡಗಿಯಿಂದ ದಪ್ಪ ಹಲಗೆಗೆ ಕೂರಿಸಿ, ಹಲಗೆಯನ್ನು ಕ್ಲಾಂಪಿನಿಂದ ಕಟ್ಟೆಗೆ ಬಿಗಿಸಬಹುದು. ನಮ್ಮ ಮನೆಯಲ್ಲಿ ಹಾಗೆಯೇ ಮಾಡಿದ್ದೇವೆ.

ತುಂಗಾತೀರ, ತೀರ್ಥಹಳ್ಳಿ:
ಎಲ್ಲರಿಗೂ ವಂದನೆಗಳು. ಮೊದಲೇ ಹೇಳದ ಸಂಗತಿಯೊಂದಿದೆ: ಅಮ್ಮನದು ಎಡಗೈ ರೂಢಿ. ಮೆಟ್ಟುಗತ್ತಿಯಲ್ಲಿ ಅದೊಂದು ತೊಡಕೆಂದು ಯಾರಿಗೂ ಅನಿಸಿರಲಿಲ್ಲ.

ಹೊಳೆಮೀನು, ಶಿವಮೊಗ್ಗ:
ಹಾಗಾದರೆ ಸಾಮಾನ್ಯ ದೇಬಾ ತರಿಸಬೇಡಿ. ಅದರ ಇಳಿಜಾರು ಇರುವುದು ಬಲಗೈಯವರಿಗಾಗಿ. ಎಡಗೈಯಲ್ಲಿ ಹಿಡಿದರೆ ಚಪ್ಪಟೆ ಮೈ ಮುಳ್ಳಿನ ಕಡೆಗೆ ಬಂದು ಅಲಗು ಮೂಳೆಯೊಳಕ್ಕೆ ಇಳಿಯುತ್ತದೆ. ಎಡಗೈಯವರಿಗೆಂದೇ ಮಾಡಿದ ದೇಬಾ ಸಿಗುತ್ತದೆ, ಬೆಲೆ ಹೆಚ್ಚು. ಅದಕ್ಕಿಂತ ‘ಯೋ-ದೇಬಾ’ ಎಂದು ಕೇಳಲಿ: ಎರಡೂ ಕಡೆ ಇಳಿಜಾರಿರುವ ಕತ್ತಿ, ಯಾವ ಕೈಗಾದರೂ ಆಗುತ್ತದೆ, ಸ್ಟೇನ್‌ಲೆಸ್‌ನಲ್ಲಿಯೂ ದೊರೆಯುತ್ತದೆ. ನಮ್ಮಂತೆ ಮುಳ್ಳು ಸಹಿತ ತುಂಡು ಮಾಡುವವರಿಗೆ ಅದೇ ಹೆಚ್ಚು ಅನುಕೂಲ. ವಿಮಾನದಲ್ಲಿ ಕೈಚೀಲದಲ್ಲಿಟ್ಟರೆ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಅಲಗಿಗೆ ರಟ್ಟು ಸುತ್ತಿ ಚೆಕ್-ಇನ್ ಪೆಟ್ಟಿಗೆಯಲ್ಲಿಡುವಂತೆ ತಮ್ಮನಿಗೆ ತಿಳಿಸಿ.